ನನ್ನ ಅಣ್ಣನ ಕ್ಯಾಪ್ಟನ್

ವೆಂಡೆಲಿನ್ ರೇಬ್‌ಹೋಲ್ಜ್ ನಮ್ಮ ಮನೆಗೆ ಬಂದದ್ದು ನಾನು ಹುಟ್ಟುವುದಕ್ಕೆ ಮುಂಚೆ. ನಮ್ಮೂರು ನಾಯ್‌ಲಾರ್ ಇರುವುದು ಮಿಸೌರಿ ನದಿಯ ದಡದಲ್ಲಿ. ಪೀಪಾಯಿ ಮಾಡುವುದು ಅಪ್ಪನ ಕಸುಬು. ಒಂದು ಸಂಜೆ ಹೊಸ ಪೀಪಾಯಿಗಳನ್ನು ಉಗಿಹಡಗಿಗೆಂದು ದೋಣಿಕಟ್ಟೆಯ ಮೇಲೆ ಜೋಡಿಸಿ ಬಂದಿದ್ದನಂತೆ. ಬೆಳಿಗ್ಗೆ ಹೋಗಿ ನೋಡಿದರೆ ಅವುಗಳ ನಡುವೆ ಒಬ್ಬ ಬಡಕಲು ಮನುಷ್ಯ ಮುದುಡಿ ಮಲಗಿದ್ದ.

"ಏಳಯ್ಯ ಮೇಲೆ, ಇದೇನು ನಿಮ್ಮಪ್ಪ ಕಟ್ಟಿಸಿದ ಛತ್ರಾನಾ?" ಎಂದು ಅಪ್ಪ ಗದರಿಸಿದ.

"ಓಕ್ ಮರದ ವಾಸನೆ ಮೂಗಿಗೆ ಬಡೀತು. ಊರಿಗೇ ವಾಪಸ್ ಬಂದ ಹಾಗಾಗಿ ಕಣ್ಣು ಮುಚ್ಕೊಂಡುಬಿಡ್ತು" ಎಂದ ಆತ.

ಮಾತಿನ ಧಾಟಿ ಅಪ್ಪ ಹುಟ್ಟಿದ, ಜರ್ಮನಿಯ ಬಾಡನ್ ಸೀಮೆಯದೇ. ಅಪ್ಪನ ಸಿಟ್ಟು ಅಲ್ಲೇ ಇಳಿದುಹೋಯಿತು. ಅವನನ್ನು ಮನೆಗೆ ಕರೆತಂದ. ಅಮ್ಮ ಬ್ರೆಡ್ಡು, ಹುಳಿ ಎಲೆಕೋಸು ಬಡಿಸಿದಳು. ಅವನು ತಿಂದದ್ದನ್ನು ನೋಡಿ, "ಇವನೇನು ಹಡಗಲ್ಲಿ ಬಂದನೋ, ಸಮುದ್ರ ಈಜ್ಕೊಂಡು ಬಂದನೋ?" ಎಂದು ನಕ್ಕಳಂತೆ. ಆಗ ನನ್ನ ಅಣ್ಣ ಕಿಲಿಯನ್ ಚಿಕ್ಕ ಹುಡುಗ. ಬಂದವನ ತೊಡೆ ಏರಿ ಕೂತವನು ಇಳಿಯಲೇ ಇಲ್ಲ. ಹೀಗೆ ಒಂದು ಹೊತ್ತಿನ ಊಟಕ್ಕೆ ಬಂದ ವೆಂಡೆಲಿನ್ ನಮ್ಮ ಅಂಗಡಿಯ ಪಾಲುದಾರನಾದ, ನಮಗಿಬ್ಬರಿಗೂ ಚಿಕ್ಕಪ್ಪನಾದ. ಮದುವೆಯಾಗಲಿಲ್ಲ. ಅಮ್ಮನನ್ನು ಅತ್ತಿಗೆ ಎಂದು ಕರೆಯುತ್ತಿದ್ದ.

ಊರು ಬಿಟ್ಟದ್ದು ಯಾಕೆಂದು ಅವನು ಹೇಳುತ್ತಿರಲಿಲ್ಲ. ದಂಗೆಯಲ್ಲಿದ್ದ ಸಿಪಾಯಿ ಎಂದಷ್ಟೇ ಊರಿಗೆ ಗೊತ್ತು. ಪೂರ್ತಿ ಕಥೆಯನ್ನು ಅಪ್ಪನಿಗೆ ಮಾತ್ರ ಒಮ್ಮೆ ಹೇಳಿದ್ದ. ಬಾಡನ್‌ನಲ್ಲಿ ಜನ ದೊರೆಯ ವಿರುದ್ಧ ದಂಗೆಯೆದ್ದಾಗ ಅವನು ಸಿಪಾಯಿ. ಅವನ ಪಡೆ ಜನರ ಕಡೆ ಸೇರಿತು. ಅವನ ಅಣ್ಣ ಅಲೋಯಿಸ್ ಸಹ ಸೇರಿದ. ದೊರೆಯ ನೆರವಿಗೆ ಪ್ರಷ್ಯದ ಸೈನ್ಯ ಬಂದು ರಾಷ್ಟಾಟ್ ಕೋಟೆಯನ್ನು ಹಿಡಿಯಿತು, ಇಬ್ಬರೂ ಸೆರೆಯಾದರು. ಅಲೋಯಿಸ್‌ನನ್ನು ಕೋಟೆಯ ಕಂದಕದಲ್ಲಿ ನಿಲ್ಲಿಸಿ ಗುಂಡಿಟ್ಟರು. ವೆಂಡೆಲ್ ಚಿಕ್ಕಪ್ಪನಿಗೆ ಸೆರೆಕೋಣೆಯೊಳಗಿಂದ ಆ ಸದ್ದು ಕೇಳಿತು. ಮೊದಲು ಎಲ್ಲ ಬಂದೂಕುಗಳೂ ಒಟ್ಟಿಗೆ ಸಿಡಿದವು. ಆಮೇಲೆ ನಿಶ್ಶಬ್ದ. ಬಹಳ ಹೊತ್ತಾದ ಮೇಲೆ ಒಂಟಿ ಗುಂಡಿನ ಸದ್ದು. "ಆ ನಡುವಿನ ಹೊತ್ತಲ್ಲಿ ಅವನು ಬದುಕಿದ್ದ ಕಣೋ ಮೆಲ್ಕಿಯೋರ್" ಎಂದು ಅಪ್ಪನ ಬಳಿ ಹೇಳಿದ್ದನಂತೆ. ಚಿಕ್ಕಪ್ಪ ಅಲ್ಲಿಂದ ತಪ್ಪಿಸಿಕೊಂಡು ಸ್ವಿಟ್ಜರ್‌ಲೆಂಡ್ ದಾಟಿ ಅಮೆರಿಕದ ಹಡಗು ಹತ್ತಿದ. ಇನ್ನು ಬಂದೂಕು ಮುಟ್ಟುವುದಿಲ್ಲ ಎಂದುಕೊಂಡಿದ್ದ. ಮುಟ್ಟಿಯೂ ಇರಲಿಲ್ಲ. ಕಿಲಿಯನ್ ಮೊಲದ ಬೇಟೆಗೆ ಕರೆದರೆ, "ನಿಮ್ಮಮ್ಮ ಕೋಸಿನ ಪಲ್ಯ ಮಾಡ್ತಾಳಲ್ಲ, ಮೊಲದ ತಂಟೆ ಯಾಕೆ?" ಎನ್ನುತ್ತಿದ್ದ.

ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾದಾಗ ನನಗೆ ಹತ್ತು ವರ್ಷ. ನದಿಯ ಆಚೆ ದಡದ ಇಂಗ್ಲಿಷ್ ಮಾತಿನ ಜಮೀನ್ದಾರರು ಗುಲಾಮರನ್ನು ಇಟ್ಟುಕೊಂಡವರು, ದಕ್ಷಿಣದ ಕಡೆಯವರು. ಈಚೆ ದಡದ ಜರ್ಮನರು ನಾವೆಲ್ಲ ಲಿಂಕನ್ನನ ಕಡೆ. ಊರಿನ ವ್ಯಾಯಾಮಶಾಲೆಯಲ್ಲಿ ಸಭೆ ಸೇರಿತು. ನಮ್ಮ ಹುಡುಗರದೇ ಒಂದು ದಳ ಕಟ್ಟಬೇಕು, ಅದಕ್ಕೊಬ್ಬ ಕ್ಯಾಪ್ಟನ್ ಬೇಕು. ಬಿಯರ್ ಭಟ್ಟಿಯ ನೆಪೊಮುಕ್ ಹೇರಿಂಗ್ ಎದ್ದು ನಿಂತ. ಅವನ ಗಂಟಲು ಅವನ ಹೊಟ್ಟೆಗಿಂತ ದೊಡ್ಡದು.

"ವೆಂಡೆಲಿನ್ ಇದ್ದಾನಲ್ಲ! ಈ ಊರಲ್ಲಿ ಎಡಗಾಲು ಯಾವುದು ಬಲಗಾಲು ಯಾವುದು ಅಂತ ಗೊತ್ತಿರೋನು ಅವನೊಬ್ಬನೇ."

"ಬೇಡ. ಒಂದ್ಸಲ ಸಿಪಾಯಿ ಆಗಿ ಮನೆಯವರನ್ನ ಕಳ್ಕೊಂಡಿದ್ದೀನಿ" ಎಂದ ಚಿಕ್ಕಪ್ಪ.

"ಅಲ್ಲಿ ದೊರೆ ವಿರುದ್ಧ ನಿಂತೋನು ಇಲ್ಲಿ ಮನುಷ್ಯರನ್ನ ಮಾರೋರ ವಿರುದ್ಧ ನಿಲ್ಲಲ್ವಾ? ಇಲ್ಲಿ ಹೊಟ್ಟೆ ತುಂಬಿದೆ ಅಂತಲೋ?" ಎಂದ ನೆಪೊಮುಕ್.

ಹಿಂದಿನ ವರ್ಷ ದೋಣಿಕಟ್ಟೆಯಲ್ಲಿ ಒಬ್ಬ ಕರಿಯ ಹೆಂಗಸನ್ನು ಹಡಗಿಗೆ ಹತ್ತಿಸಿ, ಅವಳ ಕೂಸನ್ನು ಬೇರೆಯವರ ಗಾಡಿಗೆ ಹತ್ತಿಸಿದ್ದನ್ನು ಚಿಕ್ಕಪ್ಪನೂ ಅಪ್ಪನೂ ನೋಡಿದ್ದರು. ಅವತ್ತು ಇಬ್ಬರೂ ಕೆಲಸ ಮಾಡಿರಲಿಲ್ಲ. ಅದೇ ನೆನಪಿಗೆ ಬಂತೋ ಏನೋ, ಚಿಕ್ಕಪ್ಪ "ಸರಿ" ಎಂದ. ಅವನ ಹಿಂದೆಯೇ ಕಿಲಿಯನ್ ಎದ್ದು ನಿಂತ. ಅಮ್ಮ ಮನೆಗೆ ಬಂದು ಹಿಟ್ಟು ನಾದಿದಳು. ಮೇಜು ಅಲುಗಾಡುವ ಹಾಗೆ ನಾದಿದಳು.

ಚಿಕ್ಕಪ್ಪ ಒಳ್ಳೆಯ ಅಧಿಕಾರಿ ಎಂದು ಗಾಯಗೊಂಡು ಊರಿಗೆ ಬಂದ ಹುಡುಗರು ಹೇಳುತ್ತಿದ್ದರು. ಇಂಗ್ಲಿಷ್ ಮಾತಿನ ಅಧಿಕಾರಿಗಳು ಜರ್ಮನರನ್ನು 'ಡಚ್ಚರು' ಎಂದು ಹಂಗಿಸಿದರೆ ಅವರಿಗೆ ಅರ್ಥವಾಗದ ಬಾಡನ್ ಮಾತಿನಲ್ಲಿ ಅದಕ್ಕಿಂತ ಕೆಟ್ಟದಾಗಿ ಬೈಯುತ್ತಿದ್ದನಂತೆ, ನಗುಮುಖದಿಂದಲೇ. ತನ್ನ ದಳದ ಬೂಟು ಒದ್ದೆಯಾದರೆ ತಾನೇ ಬೆಂಕಿಯ ಪಕ್ಕ ಕೂತು ತಿರುಗಿಸಿ ತಿರುಗಿಸಿ ಒಣಗಿಸುತ್ತಿದ್ದ. ಎರಡು ದೊಡ್ಡ ಕದನಗಳಲ್ಲಿ ದಳ ನಿಂತು ಹೋರಾಡಿತು. ಕಿಲಿಯನ್‌ಗೆ ತೋಳಿನ ಮೇಲೆ ಬಡ್ತಿಯ ಒಂದು ಪಟ್ಟಿ ಸಿಕ್ಕಿತು.

ಯುದ್ಧದ ಎರಡನೆಯ ಚಳಿಗಾಲ, ನದಿ ಹೆಪ್ಪುಗಟ್ಟಿದಾಗ, ಆಚೆ ದಡದಿಂದ ಕುದುರೆ ಸವಾರರು ಬಂದು ನಮ್ಮ ಬೀದಿಗೆ ಬೆಂಕಿಯಿಟ್ಟರು. ಅಂಗಡಿ ಉರಿದುಹೋಯಿತು, ಮನೆಯ ಅರ್ಧ ಛಾವಣಿ ಹೋಯಿತು. ಅಡ್ಡ ಬಂದ ಅಪ್ಪನನ್ನು ಬಂದೂಕಿನ ಹಿಡಿಯಿಂದ ಹೊಡೆದು ಬಲಗೈ ಮುರಿದರು. ದಕ್ಷಿಣಕ್ಕೆ ಹೋಗುತ್ತಿದ್ದ ಒಬ್ಬ ವ್ಯಾಪಾರಿ ಈ ಸುದ್ದಿಯನ್ನು ದಳದ ಬಿಡಾರಕ್ಕೆ ಮುಟ್ಟಿಸಿದ. ಮುಟ್ಟಿಸುವಾಗ ಅಪ್ಪ ಸತ್ತೇಹೋದ ಎಂದುಬಿಟ್ಟ.

ಕಿಲಿಯನ್ ರಜೆ ಕೇಳಿದ. ಚಿಕ್ಕಪ್ಪ ಮೇಲಿನವರ ಬಳಿ ಎರಡು ಸಲ ಹೋಗಿ ಬಂದ. ಆ ಚಳಿಯಲ್ಲಿ ಸೈನ್ಯದಿಂದ ಓಡಿಹೋದವರು ಬಹಳ ಮಂದಿ. ಅದಕ್ಕೇ ಯಾರಿಗೂ ರಜೆ ಇಲ್ಲವೆಂದು ಕಟ್ಟಪ್ಪಣೆಯಾಗಿತ್ತು. ಮರುದಿನ ಕಿಲಿಯನ್ ಹಾಜರಿರಲಿಲ್ಲ.

ಅವನು ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತಾಗ ನಾನು ಕೋಳಿಗಳಿಗೆ ಕಾಳು ಹಾಕುತ್ತಿದ್ದೆ. ಗುರುತೇ ಸಿಗಲಿಲ್ಲ. ಗಡ್ಡ ಬಂದಿತ್ತು. ಒಳಗೆ ಹೋಗಿ, ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅಪ್ಪನನ್ನು ಕಂಡು ಬಾಗಿಲಿಗೆ ಒರಗಿಬಿಟ್ಟ.

"ನೀನು ಸತ್ತಿದ್ದೀಯ ಅಂದ್ರು!"

"ಅದಕ್ಕೇನು ಇಷ್ಟು ಬೇಜಾರು? ಬಾ, ಕೂತ್ಕೋ" ಎಂದ ಅಪ್ಪ.

ಕಿಲಿಯನ್ ಒಂದು ವಾರಕ್ಕೆ ಮೇಲೆ ಇದ್ದ. ಛಾವಣಿಗೆ ಹಲಗೆ ಹೊಡೆದ, ಸೌದೆ ಸೀಳಿ ಒಟ್ಟಿದ. ಅಮ್ಮನಿಗೆ ಅವನನ್ನು ವಾಪಸ್ ಕಳಿಸುವ ಮನಸ್ಸಿರಲಿಲ್ಲ. ಐಯೋವಾದಲ್ಲಿ ತನ್ನ ಚಿಕ್ಕಮ್ಮನ ಮಗನಿದ್ದಾನೆ, ಯುದ್ಧ ಮುಗಿಯುವವರೆಗೆ ಅಲ್ಲಿರಲಿ ಎಂದಳು. ಅಪ್ಪ ಒಪ್ಪಲಿಲ್ಲ.

"ಕಳ್ಳನ ಹಾಗೆ ಯಾಕೆ ಬಚ್ಚಿಟ್ಕೋಬೇಕು? ಅಲ್ಲಿ ವೆಂಡೆಲ್ ಇದ್ದಾನೆ. ಎರಡು ದಿನ ಕೋಣೇಲಿ ಕೂಡಿಹಾಕ್ತಾನೆ, ನಾಲ್ಕು ಮಾತು ಬೈತಾನೆ, ಮುಗೀತು. ಹೋಗು ಮಗ, ನಾನಾಗೇ ಬಂದೆ ಅಂತ ಹೇಳು."

ಕಿಲಿಯನ್‌ಗೂ ಹೋಗುವ ಮನಸ್ಸೇ ಇತ್ತು. ಹೊರಡುವ ದಿನ ಅಮ್ಮ ಅವನ ಸೈನ್ಯದ ಕೋಟನ್ನು ಒಗೆದು ಹಾಕಿದ್ದಳು. ಅದರಲ್ಲಿ ಹೇನು, ಹೊಗೆಯ ಕಮಟು. ಹಿಮಗಾಳಿಗೆ ಅದು ಒಣಗಲಿಲ್ಲ, ಹಲಗೆಯ ಹಾಗೆ ಸೆಟೆದು ನಿಂತಿತ್ತು. ಅಪ್ಪನ ಉಣ್ಣೆ ಕೋಟನ್ನು ಅವನಿಗೆ ತೊಡಿಸಿ, ಒದ್ದೆ ಕೋಟನ್ನು ಗಂಟು ಕಟ್ಟಿಕೊಟ್ಟಳು. ಅವನು ನನ್ನ ಜಡೆ ಎಳೆದು ಹೋದ.

ದಳದ ಬಿಡಾರಕ್ಕೆ ಇನ್ನು ಅರ್ಧ ದಿನದ ದಾರಿ ಇರುವಾಗ ಗಸ್ತಿನವರು ಅವನನ್ನು ಹಿಡಿದರು. ಮೈಮೇಲೆ ಊರಿನವರ ಕೋಟು, ಸೈನ್ಯದ್ದು ಗಂಟಿನಲ್ಲಿ. ನಮಗೆ ಇದೊಂದೂ ಗೊತ್ತಿರಲಿಲ್ಲ. ಅಪ್ಪ ದಿನವೂ, "ಈಗ ವೆಂಡೆಲ್ ಅವನಿಗೆ ಕಾಫಿ ಕೊಡಿಸಿರ್ತಾನೆ" ಎನ್ನುತ್ತಿದ್ದ.

ಹಿಮ ಕರಗಿ ನೆಲ ಮೆತ್ತಗಾಗಿತ್ತು. ಅಮ್ಮ ಈರುಳ್ಳಿ ನಾಟಿ ಹಾಕುತ್ತಿದ್ದಳು. ಬೇಲಿಯ ಗೇಟಿನ ಆಚೆ ವೆಂಡೆಲ್ ಚಿಕ್ಕಪ್ಪ ನಿಂತಿದ್ದ. ನಾನು ಓಡಿಹೋಗಿ ಗೇಟು ತೆಗೆದೆ, ಅವನು ಒಳಗೆ ಬರಲಿಲ್ಲ. ಸಮವಸ್ತ್ರದ ಗುಂಡಿಗಳನ್ನೆಲ್ಲ ಹಾಕಿದ್ದ. ಟೋಪಿ ಕೈಯಲ್ಲಿತ್ತು.

"ಅತ್ತಿಗೆ, ಮೆಲ್ಕಿಯೋರನ್ನ ಕರೀರಿ."

ಅಮ್ಮ ಮಣ್ಣಿನ ಕೈಯಲ್ಲೇ ಎದ್ದು ನಿಂತಳು. "ಕಿಲಿಯನ್ ಎಲ್ಲಿ?"

"ಮೆಲ್ಕಿಯೋರ್ ಬರಲಿ."

ಅಪ್ಪ ಹೊರಗೆ ಬಂದ. ಚಿಕ್ಕಪ್ಪ ಪಾಠ ಒಪ್ಪಿಸುವವನ ಹಾಗೆ ನೇರ ನಿಂತು ಹೇಳಿದ. ಕಿಲಿಯನ್ ಓಡಿಹೋದ ಸಿಪಾಯಿಯೆಂದು ವಿಚಾರಣೆಯಾಯಿತು. ಗುಂಡಿಟ್ಟು ಕೊಲ್ಲಬೇಕೆಂದು ತೀರ್ಪಾಯಿತು. ತೀರ್ಪು ಜಾರಿಯಾಯಿತು. "ಜ್ವರದಲ್ಲಿ ಹೋದ ಅಂತ ತಿಳಿಸಿಬಿಡೋಣ ಅಂದ್ರು ನಮ್ಮ ಪಾದ್ರಿ. ನಾನು ಬೇಡ ಅಂದೆ. ಬೇರೆ ಯಾರ ಬಾಯಿಂದಲೋ ನಿಮಗೆ ಗೊತ್ತಾಗಬಾರದು."

ಕೇಳಿದ್ದು ಅಮ್ಮ.

"ಗುಂಡು ಹಾರಿಸಿ ಅಂತ ಹೇಳಿದ್ದು ಯಾರು?"

"ನಾನು."

"ಯಾರು?"

"ನಾನೇ, ಅತ್ತಿಗೆ."

ಅಮ್ಮ ಅವನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ, ನಾಟಿ ಹಾಕಿದ್ದ ಈರುಳ್ಳಿ ಸಸಿಗಳನ್ನು ಒಂದೊಂದಾಗಿ ಕಿತ್ತು ಎಸೆಯತೊಡಗಿದಳು. ಸಾಲು ಪೂರ್ತಿ ಖಾಲಿಯಾಗುವವರೆಗೂ ಕಿತ್ತಳು. ಚಿಕ್ಕಪ್ಪ ಅಷ್ಟು ಹೊತ್ತೂ ಗೇಟಿನ ಆಚೆ ನಿಂತಿದ್ದ. ಆಮೇಲೆ ಟೋಪಿ ಹಾಕಿಕೊಂಡು ದೋಣಿಕಟ್ಟೆಯ ಕಡೆ ನಡೆದ. ನನ್ನ ಅಣ್ಣನ ಸಾವು ನನಗೆ ಅವತ್ತು ಅರ್ಥವಾಗಲಿಲ್ಲ. ಚಿಕ್ಕಪ್ಪ ಊಟ ಮಾಡದೆ ಹೋದನಲ್ಲ, ಅದಕ್ಕೆ ಅಳು ಬಂತು.

ಯುದ್ಧ ಮುಗಿದಾಗ ಸೈನ್ಯದವರು ಅವನನ್ನು ಇನ್ನೂ ಮೇಲಿನ ಅಧಿಕಾರ ಕೊಟ್ಟು ಪಶ್ಚಿಮದ ಕೋಟೆಯೊಂದಕ್ಕೆ ಕಳಿಸುತ್ತೇವೆ ಎಂದರಂತೆ. ಅವನು ಬೇಡವೆಂದು ನಾಯ್‌ಲಾರ್‌ಗೇ ಬಂದ. ಯಾಕೆ ಬಂದನೆಂದು ಊರಿಗೆಲ್ಲ ಆಶ್ಚರ್ಯ. ಕಮ್ಮಾರನ ಕುಲುಮೆಯ ಮೇಲಿನ ಕೋಣೆ ಹಿಡಿದು, ಅಲ್ಲೇ ಕೆಳಗೆ ಪೀಪಾಯಿ ಕೆಲಸ ಶುರು ಮಾಡಿದ. ಕೆಲವರು 'ಕ್ಯಾಪ್ಟನ್' ಎಂದು ಟೋಪಿ ಎತ್ತುತ್ತಿದ್ದರು, ಕೆಲವರು ಕಂಡೊಡನೆ ರಸ್ತೆ ದಾಟುತ್ತಿದ್ದರು. ಅವನ ದಳದಿಂದ ಬದುಕಿ ಬಂದ ಹುಡುಗರು ಭಾನುವಾರ ಬಿಯರ್ ಕುಡಿಯಲು ಸೇರುತ್ತಿದ್ದರು. ಅವನು ಬಂದರೆ ಜಾಗ ಬಿಡುತ್ತಿದ್ದರು, ಹಾಡು ಮಾತ್ರ ನಿಲ್ಲುತ್ತಿತ್ತು. ಸ್ವಲ್ಪ ಕಾಲದ ನಂತರ ಅವನು ಅಲ್ಲಿಗೂ ಹೋಗುವುದನ್ನು ಬಿಟ್ಟ.

ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಅಮ್ಮ ಅಪ್ಪನ ಜೊತೆಗೂ ಮಾತು ಬಿಟ್ಟಿದ್ದಳು. 'ಹೋಗು ಮಗ' ಎಂದವನು ಅವನೇ ತಾನೇ. ಬೇಕಾದದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದಳು: "ರೊಸೀನಾ, ಸೌದೆ ಮುಗಿದಿದೆ ಅಂತ ನಿಮ್ಮಪ್ಪನಿಗೆ ಹೇಳು." ಅಪ್ಪ ಎರಡು ಹೆಜ್ಜೆ ದೂರದಲ್ಲೇ ಕೂತಿರುತ್ತಿದ್ದ.

ಅಪ್ಪನ ಮುರಿದ ಕೈ ಸರಿಯಾಗಿ ಕೂಡಲಿಲ್ಲ. ಮತ್ತೆ ಕಟ್ಟಿದ ಅಂಗಡಿಯಲ್ಲಿ ಒಬ್ಬನೇ ಹೆಣಗುತ್ತಿದ್ದ. ಒಂದು ಬೆಳಿಗ್ಗೆ ವೆಂಡೆಲ್ ಚಿಕ್ಕಪ್ಪ ತನ್ನ ಉಳಿ, ಹಲಗೆ ನಯಮಾಡುವ ತೋಪಡಾ ಹೊತ್ತುಕೊಂಡು ಅಂಗಡಿಗೆ ಬಂದು, ತನ್ನ ಹಳೆಯ ಮಣೆಯಿದ್ದ ಜಾಗದಲ್ಲಿ ಕೂತು ಹಲಗೆ ಹೆರೆಯತೊಡಗಿದ. ಅಪ್ಪ ಅವನನ್ನು ನೋಡಿದ. ಪೀಪಾಯಿಗೆ ತೊಡಿಸುವ ಕಬ್ಬಿಣದ ಬಳೆಯೊಂದನ್ನು ಅವನ ಕಡೆ ನೂಕಿ, "ಇದು ಸಡಿಲ ಇದೆ" ಎಂದ. ಅಷ್ಟೇ. ಸುಮಾರು ವರ್ಷ ಇಬ್ಬರೂ ಹಾಗೆಯೇ ಪಕ್ಕಪಕ್ಕ ಕೂತು ಕೆಲಸ ಮಾಡಿದರು. ಮಧ್ಯಾಹ್ನ ಅಪ್ಪ ಊಟಕ್ಕೆ ಮನೆಗೆ ಬರುತ್ತಿದ್ದ. ಚಿಕ್ಕಪ್ಪ ಅಂಗಡಿಯ ಹೊಸ್ತಿಲ ಮೇಲೆ ಕೂತು ತಾನು ತಂದ ಬ್ರೆಡ್ಡು ತಿನ್ನುತ್ತಿದ್ದ. ಅಮ್ಮ ಆ ಕಡೆಯ ಕಿಟಕಿಯನ್ನು ತೆರೆಯಲೇ ಇಲ್ಲ. ಸೆಕೆಗಾಲದಲ್ಲೂ ತೆರೆಯಲಿಲ್ಲ.

ಅಪ್ಪ ತೀರಿಕೊಂಡದ್ದು ನನ್ನ ಮದುವೆಯಾದ ವರ್ಷ. ಮರುವರ್ಷ ಊರವರು ಯುದ್ಧದಲ್ಲಿ ಸತ್ತ ನಮ್ಮ ಹುಡುಗರ ನೆನಪಿಗೆ ಚರ್ಚಿನ ಮುಂದೆ ಕಲ್ಲು ನಿಲ್ಲಿಸಬೇಕೆಂದು ಸಭೆ ಕರೆದರು. ಯಾರ ಯಾರ ಹೆಸರು ಕೆತ್ತಿಸಬೇಕೆಂದು ನೆಪೊಮುಕ್ ಓದಿದ. ಓದಿ ಮುಗಿದ ಮೇಲೆ ವೆಂಡೆಲ್ ಚಿಕ್ಕಪ್ಪ ಎದ್ದು ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕಿಲಿಯನ್ ಡಾನರ್ ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ, ಬಿಟ್ಟಿದ್ದೀವಿ" ಎಂದ ನೆಪೊಮುಕ್. "ನೋಡಪ್ಪ ಕ್ಯಾಪ್ಟನ್, ಓಡಿಹೋದೋನ ಹೆಸರನ್ನ ನಿಂತು ಸತ್ತೋರ ಪಕ್ಕ ಕೆತ್ತಿಸಿದ್ರೆ ಅವರ ತಾಯಂದಿರು ನಮ್ಮ ಮುಖಕ್ಕೆ ಉಗೀತಾರೆ."

"ಅವನು ವಾಪಸ್ ಬರ್ತಿದ್ದ."

"ಅದನ್ನ ಆವತ್ತು ಹೇಳಬೇಕಿತ್ತು. ಗುಂಡು ಹಾರಿಸು ಅಂದ ಬಾಯಲ್ಲೇ ಈಗ ಹೆಸರು ಕೆತ್ತಿಸು ಅಂತೀಯಲ್ಲ, ನಿನಗೆ ನಾಚಿಕೆ ಆಗಲ್ವಾ?"

ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ಆಗ ಎದ್ದಳು. ಅಮ್ಮ ಸಭೆಯಲ್ಲಿ ಮಾತಾಡಿದವಳಲ್ಲ.

"ನೆಪೊಮುಕ್, ನಿನ್ನ ಕಲ್ಲು ನೀನೇ ಇಟ್ಕೋ. ನನ್ನ ಮಗನ್ನ ಕೊಂದೋರು ನಿಲ್ಲಿಸೋ ಕಲ್ಲಿನ ಮೇಲೆ ನನ್ನ ಮಗನ ಹೆಸರು ಬೇಡ." ಆಮೇಲೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಚಿಕ್ಕಪ್ಪನ ಕಡೆ ತಿರುಗಿದಳು. "ವೆಂಡೆಲ್, ಅವನನ್ನ ಎಲ್ಲಿ ಹೂಳಿದ್ದೀರಿ ಅಂತ ನಿನಗೆ ಗೊತ್ತಾ?"

"ಗೊತ್ತು ಅತ್ತಿಗೆ."

"ಕರ್ಕೊಂಡು ಹೋಗು. ಅವನನ್ನ ಅವರಪ್ಪನ ಪಕ್ಕ ಮಲಗಿಸ್ಬೇಕು."

ಆ ವಸಂತದಲ್ಲಿ ನಾವು ಮೂವರು ಹೊರಟೆವು. ರೈಲಿನಲ್ಲಿ ನೈರುತ್ಯಕ್ಕೆ ಹೋಗಿ, ಕೊನೆಯ ನಿಲ್ದಾಣದಿಂದ ಗಾಡಿ ಕಟ್ಟಿಸಿಕೊಂಡು ಓಜಾರ್ಕ್ ಗುಡ್ಡಗಳ ನಡುವೆ ಇಳಿದೆವು. ಚಿಕ್ಕಪ್ಪ ಲಗಾಮು ಹಿಡಿದಿದ್ದ, ಅಮ್ಮ ಅವನ ಪಕ್ಕದಲ್ಲಿ, ನಾನು ಹಿಂದೆ. ಗಾಡಿಯಲ್ಲಿ ಕಿಲಿಯನ್‌ನ ಮೂಳೆಗಳಿಗೆಂದು ಒಂದು ಸಣ್ಣ ಪೆಟ್ಟಿಗೆ ಇತ್ತು. ಅಪ್ಪ ಉಳಿಸಿಹೋಗಿದ್ದ ಓಕ್ ಹಲಗೆಯಲ್ಲಿ ಚಿಕ್ಕಪ್ಪನೇ ಮಾಡಿದ್ದು. ಕುದುರೆಗೆ ನೀರು ಕುಡಿಸಲು ನಿಲ್ಲಿಸಿದಾಗ ಅಮ್ಮ, "ಈಗ ಹೇಳು. ಒಂದೂ ಬಿಡದೆ ಹೇಳು" ಎಂದಳು.

ಅವನು ಹೇಳಿದ. ಕುದುರೆಯ ಬೆನ್ನನ್ನೇ ನೋಡುತ್ತಾ ಹೇಳಿದ.

"ವಿಚಾರಣೆ ಎಲ್ಲ ಇಂಗ್ಲಿಷಲ್ಲಿ. ಕಿಲಿಯನ್‌ಗೆ ಅರ್ಧ ಅರ್ಥ ಆಗ್ತಿತ್ತು. ಹುಡುಗ ವಾಪಸ್ ಬರ್ತಿದ್ದ ಅಂತ ನಾನು ಹೇಳ್ದೆ. ಹಾಗಾದ್ರೆ ಮೈಮೇಲೆ ಸೈನ್ಯದ ಕೋಟು ಯಾಕಿರಲಿಲ್ಲ ಅಂದ್ರು."

"ಒಣಗಿರಲಿಲ್ಲ" ಎಂದಳು ಅಮ್ಮ. "ನಾನು ಒಗೆದು ಹಾಕಿದ್ದೆ. ಒಣಗಿರಲಿಲ್ಲ."

"ಅವನೂ ಅದನ್ನೇ ಹೇಳ್ದ. ಅವರು ನಕ್ಕರು."

ಅಮ್ಮ ತಲೆಯ ಶಾಲನ್ನು ಬಾಯಿಗೆ ಒತ್ತಿಕೊಂಡಳು. ಅವನು ಮುಂದುವರಿಸಿದ.

"ಜನರಲ್ ಹತ್ತಿರ ಹೋದೆ. ಕೆಟ್ಟ ಮನುಷ್ಯ ಅಲ್ಲ ಅವರು. ಜ್ವರ ಬಂದು ಮಲಗಿದ್ರು, ಎದ್ದು ಕೂತು ನನ್ನ ಮಾತು ಪೂರ್ತಿ ಕೇಳಿದ್ರು. 'ಹೋದ ತಿಂಗಳು ಒಬ್ಬನನ್ನ ಕ್ಷಮಿಸಿದೆ ಕ್ಯಾಪ್ಟನ್, ಆ ವಾರವೇ ಅವನ ದಳದವರು ಗುಂಪುಗುಂಪಾಗಿ ಓಡಿಹೋದ್ರು. ಈ ಸಲ ಆಗಲ್ಲ' ಅಂದ್ರು."

"ಓಡಿಸಿಬಿಡಬಹುದಿತ್ತಲ್ಲ ನೀನು?"

"ಅದನ್ನೂ ಯೋಚಿಸ್ದೆ. ಬಾಗಿಲು ಕಾಯ್ತಿದ್ದೋರು ನಮ್ಮೂರ ಹುಡುಗರೇ. ಅವನು ಓಡಿಹೋಗಿದ್ರೆ ಅವನ ಜಾಗದಲ್ಲಿ ಅವರನ್ನ ಗುಂಡಿಗೆ ನಿಲ್ಲಿಸ್ತಿದ್ರು. ನಾನು ಹಾಗಂದ್ಕೊಂಡೆ. ನನಗೆ ಧೈರ್ಯ ಸಾಲಲಿಲ್ವೋ ಏನೋ, ಅತ್ತಿಗೆ. ಅದು ನನಗೆ ಇವತ್ತಿಗೂ ಗೊತ್ತಿಲ್ಲ."

"ಗುಂಡು ಹಾರಿಸಿ ಅಂತ ನೀನೇ ಯಾಕೆ ಹೇಳ್ದೆ? ಬೇರೆ ಯಾರೂ ಇರಲಿಲ್ವಾ?"

"ಬೇರೊಬ್ಬ ಅಧಿಕಾರಿಗೆ ವಹಿಸಿದ್ರು. ಹಿಂದೊಂದು ಸಲ ಅವನು ಮಾಡಿಸಿದ್ದನ್ನ ನಾನು ನೋಡಿದ್ದೆ. ಗುಂಡು ತಿಂದೋನು ಬೇಗ ಸಾಯಲಿಲ್ಲ. ಕಿಲಿಯನ್ ನನ್ನ ಕೇಳ್ಕೊಂಡ. 'ಚಿಕ್ಕಪ್ಪ, ಅವರ ಮಾತು ನನಗೆ ತಿಳಿಯಲ್ಲ. ಯಾವಾಗ ಅಂತ ಗೊತ್ತಾಗದೆ ನಿಂತಿರೋಕೆ ಭಯ ಆಗುತ್ತೆ. ನೀನೇ ನಮ್ಮ ಭಾಷೇಲಿ ಹೇಳು' ಅಂದ. ನಾನು ಹೋಗಿ ಆ ಕೆಲಸ ಕೇಳಿ ತಗೊಂಡೆ. ಗುಂಡು ಹೊಡೀಬೇಕಾದೋರು ಅವನ ಜೊತೇಲಿ ಹಾಡಿದ ಹುಡುಗರು. ಅವರಿಗೆ ಹೇಳ್ದೆ, ಅವನ ಮೇಲೆ ಪ್ರೀತಿ ಇದ್ರೆ ಗುರಿ ತಪ್ಪಬೇಡಿ, ಕರುಣೆ ಅಂತ ಯಾರೂ ಪಕ್ಕಕ್ಕೆ ಹೊಡೀಬೇಡಿ ಅಂತ."

"ಒದ್ದಾಡಿದ್ನಾ?"

"ಇಲ್ಲ. ಒಂದೇ ಸಲಕ್ಕೆ. ನಾನು ಮಂಡಿಯೂರಿ ನೋಡಿದೆ. ಇಲ್ಲ."

ಅಮ್ಮ ಕಣ್ಣು ಮುಚ್ಚಿದಳು. "ಏನಾದ್ರೂ ಅಂದ್ನಾ?" ಎಂದಳು.

"ಛಾವಣಿಯ ಬಲಮೂಲೆಗೆ ಹಲಗೆ ಹೊಡೆಯೋಕೆ ಆಗಲಿಲ್ಲ, ಮಳೆ ಬರೋ ಮುಂಚೆ ಸರಿಮಾಡಿಸ್ಕೋ ಅಂತ ಅಪ್ಪನಿಗೆ ಹೇಳು ಅಂದ."

"ಅಯ್ಯೋ ನನ್ನಪ್ಪಾ" ಎಂದಳು ಅಮ್ಮ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹಿಂದೆ ಕೂತ ನನಗೆ ತಿಳಿಯಲಿಲ್ಲ. "ಆ ಮೂಲೆ ಇವತ್ತಿಗೂ ಸೋರುತ್ತೆ ಕಣಯ್ಯ. ಅವರಪ್ಪ ಸಾಯೋವರೆಗೂ ಕೆಳಗೆ ಪಾತ್ರೆ ಇಟ್ಟು ಇಟ್ಟು ಸಾಕಾಗಿದ್ದ. ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮೆಲ್ಕಿಯೋರ್ ಪಕ್ಕ ಕೂತಾಗ ದಿನಾ ಬಾಯಿಗೆ ಬರ್ತಿತ್ತು. ಅವನು ಆ ಹೆಸರು ಕೇಳಿದ್ರೆ ಉಳಿ ಕೆಳಗಿಟ್ಟು ಎದ್ದುಹೋಗಿಬಿಡ್ತಾನೇನೋ ಅಂತ ಹೆದರಿಕೆ."

ಮರುದಿನ ಮಧ್ಯಾಹ್ನ ಆ ಜಾಗಕ್ಕೆ ಬಂದೆವು. ಒಂದು ತೊರೆ, ಅದರ ಆಚೆ ಸುಣ್ಣಕಲ್ಲಿನ ದಿಬ್ಬ, ಈಚೆ ದಡದ ಹುಲ್ಲುಗಾವಲಿನಲ್ಲಿ ಆಗ ಬಿಡಾರ ಇತ್ತಂತೆ. ಚಿಕ್ಕಪ್ಪ ಗಾಡಿಯಿಂದ ಇಳಿದು ನೇರವಾಗಿ ನಡೆದ. ನಡೆಯುತ್ತಾ ನಡೆಯುತ್ತಾ ಅವನ ಹೆಜ್ಜೆ ನಿಧಾನವಾಯಿತು. ನಿಂತ. ಮತ್ತೆ ಹಿಂದೆ ಬಂದು ದಿಬ್ಬದ ಗುರುತು ಹಿಡಿದು ಇನ್ನೊಮ್ಮೆ ನಡೆದ. ದೊಡ್ಡ ಸಿಕಮೋರ್ ಮರದ ಬುಡದಲ್ಲಿ ಹೂಳಿದ್ದೆವು ಎಂದಿದ್ದ. ಅಲ್ಲಿ ಮರ ಇರಲಿಲ್ಲ. ದಡವೂ ಇರಲಿಲ್ಲ. ನೀರು ಹರಿಯುತ್ತಿತ್ತು.

ಹತ್ತಿರದ ಹೊಲದವನನ್ನು ಕರೆದು ಕೇಳಿದೆವು. ನಾಲ್ಕು ವರ್ಷದ ಹಿಂದೆ ದೊಡ್ಡ ನೆರೆ ಬಂದು ತೊರೆ ಈ ಕಡೆಗೆ ಹೊರಳಿತು, ಮರವನ್ನೂ ದಡವನ್ನೂ ಕೊಚ್ಚಿಕೊಂಡು ಹೋಯಿತು ಎಂದ. ಚಿಕ್ಕಪ್ಪ ಕೇಳಿಸಿಕೊಂಡ. ಆದರೂ ಗುದ್ದಲಿ ತೆಗೆದುಕೊಂಡು ಉಳಿದ ದಡದ ಅಂಚನ್ನು ಅಗೆದ. ಬೂಟು ಬಿಚ್ಚದೆ ನೀರಿಗಿಳಿದು ಕೈಯಿಂದ ಮರಳು ಬಗೆದ. ಸಂಜೆಯಾಗುತ್ತಾ ಬಂದರೂ ಬಗೆಯುತ್ತಲೇ ಇದ್ದ. ಅವನ ಉಗುರುಗಳಿಂದ ರಕ್ತ ಬರುತ್ತಿತ್ತು.

"ಬಾ ಮೇಲೆ" ಎಂದಳು ಅಮ್ಮ. ಅವನು ಬರಲಿಲ್ಲ. ಅವಳೇ ಸ್ಕರ್ಟು ಎತ್ತಿ ಹಿಡಿದು ನೀರಿಗಿಳಿದು ಅವನ ತೋಳು ಹಿಡಿದು ಎಳೆತಂದಳು. ಇಬ್ಬರೂ ದಡದ ಕಲ್ಲಿನ ಮೇಲೆ ಕೂತರು. ಅವಳು ನೀರನ್ನೇ ನೋಡುತ್ತಾ ಕೇಳಿದಳು:

"ಈ ನೀರು ಎಲ್ಲಿಗೆ ಹೋಗುತ್ತೆ, ವೆಂಡೆಲ್? ನಮ್ಮ ನದಿಗೆ ಸೇರುತ್ತಾ?"

ಸೇರುತ್ತೆ ಎಂದು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ತಲೆಯಾಡಿಸಿದ.

"ಇಲ್ಲ ಅತ್ತಿಗೆ. ಇದು ದಕ್ಷಿಣಕ್ಕೆ ಹೋಗುತ್ತೆ. ನಮ್ಮೂರ ಕಡೆ ಬರಲ್ಲ."

"ಸರಿ" ಎಂದಳು ಅಮ್ಮ.

ಆ ಹೊಲದವನ ಮನೆಯಲ್ಲೇ ತಂಗಿದೆವು. ಬೆಳಿಗ್ಗೆ ಕುದುರೆ ಕಟ್ಟಿದ ಮೇಲೆ ಚಿಕ್ಕಪ್ಪ ಲಗಾಮನ್ನು ನನ್ನ ಕೈಗೆ ಕೊಟ್ಟ.

"ಗಾಡಿ ಹತ್ತು" ಎಂದಳು ಅಮ್ಮ.

"ನಾನು ಇಲ್ಲೇ ಇರ್ತೀನಿ. ಇಲ್ಲಿ ಸೇಬಿನ ತೋಟ ಹಾಕ್ತಿದ್ದಾರಂತೆ. ಪೀಪಾಯಿ ಮಾಡೋನು ಬೇಕಾಗ್ತಾನೆ."

"ಹುಚ್ಚಾ ನಿನಗೆ? ಈ ವಯಸ್ಸಲ್ಲಿ, ಗೊತ್ತು ಗುರಿ ಇಲ್ಲದ ಕಡೆ? ಊರಿಗೆ ಬಾ. ಮಧ್ಯಾಹ್ನ ಮನೇಲೇ ಊಟ ಮಾಡುವಂತೆ."

ಅಮ್ಮನ ಬಾಯಿಂದ ಆ ಮಾತು ಬರಲೆಂದು ಅವನು ಎಷ್ಟು ವರ್ಷ ಆ ಹೊಸ್ತಿಲ ಮೇಲೆ ಕೂತಿದ್ದನೋ. ಅವನ ಮುಖ ಒಂದು ಗಳಿಗೆ ಕಿವುಚಿಕೊಂಡಿತು. "ಬೇಡ ಅತ್ತಿಗೆ" ಎಂದ. "ನೀವು ಬಡಿಸ್ತೀರಿ, ನನಗೆ ತಿನ್ನೋಕಾಗಲ್ಲ."

ಓಕ್ ಹಲಗೆಯ ಖಾಲಿ ಪೆಟ್ಟಿಗೆಯನ್ನು ಅವನಲ್ಲೇ ಬಿಟ್ಟು ನಾವಿಬ್ಬರೇ ವಾಪಸ್ ಬಂದೆವು.

ಆ ಕಣಿವೆಯಲ್ಲಿ ಅವನು ಹತ್ತು ವರ್ಷಕ್ಕೂ ಮೇಲೆ ಇದ್ದ. ಒಮ್ಮೆ ನಾನೂ ನನ್ನ ಗಂಡನೂ ಹೋಗಿ ನೋಡಿ ಬಂದೆವು. ತೊರೆ ಕಾಣುವಂತೆ ದಿಬ್ಬದ ಮೇಲೆ ಒಂದು ಕೋಣೆಯ ಮನೆ ಕಟ್ಟಿಕೊಂಡಿದ್ದ, ಸೇಬಿಗೆ ಪೀಪಾಯಿ ಮಾಡುತ್ತಿದ್ದ. ಅವನು ಅಧಿಕಾರಿಯಾಗಿದ್ದನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, 'ಡಚ್ ಮುದುಕ' ಎನ್ನುತ್ತಿದ್ದರು. ಒಂದು ಕಿವಿ ಕೇಳುತ್ತಿರಲಿಲ್ಲ. ಅಮ್ಮನ ಮಂಡಿನೋವು ಕೇಳಿದ, ನನ್ನ ಮಕ್ಕಳ ಹೆಸರು ಕೇಳಿದ. ದೊಡ್ಡವನ ಹೆಸರು ಕಿಲಿಯನ್ ಎಂದಾಗ ತಟ್ಟೆಯನ್ನು ಪಕ್ಕಕ್ಕಿಟ್ಟು ಹೊರಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಬುಟ್ಟಿ ಸೇಬು ಇತ್ತು. "ಹುಡುಗನಿಗೆ" ಎಂದ.

ಅವನು ಹೋದ ಸುದ್ದಿ ತಂದದ್ದು ಸೇಬು ಮಾರಲು ಬಂದ ಆ ಕಡೆಯ ಗಾಡಿಯವನು. ಶರತ್ಕಾಲದಲ್ಲಿ ಕೆಮ್ಮು ಹಿಡಿದು ಮಲಗಿದವನು ಏಳಲಿಲ್ಲವಂತೆ. ಅವನು ಕೇಳಿಕೊಂಡಿದ್ದಂತೆ ತೊರೆಯ ದಡದಲ್ಲೇ, ನೆರೆ ಮುಟ್ಟದ ಎತ್ತರದಲ್ಲಿ ಹೂಳಿದರಂತೆ. ಅಮ್ಮ ಒಲೆಯ ಮುಂದೆ ನಿಂತು ಇದನ್ನೆಲ್ಲ ಕೇಳಿದಳು. ಆಗಲೇ ಅವಳಿಗೆ ಕಣ್ಣು ಮಂಜಾಗಿತ್ತು.

"ಹಾಗಾದ್ರೆ ಅಲ್ಲಿ ಕಿಲಿಯನ್ ಹತ್ತಿರ ನಮ್ಮೋರು ಒಬ್ಬರಾದ್ರೂ ಇದ್ದಾರೆ" ಎಂದಳು.

ಗಾಡಿಯವನಿಗೆ ಊಟ ಬಡಿಸಿದಳು. ಅವನು ಬೇಡ ಬೇಡವೆಂದರೂ ಬಿಡದೆ ಮತ್ತೆ ಮತ್ತೆ ಬಡಿಸಿ, ಅವನು ತಿಂದು ಮುಗಿಸುವವರೆಗೂ ಎದುರಿಗೆ ಕೂತಿದ್ದಳು.